ಗಡ್ಡೆ-ಕುಂಬಳದ ಕಾಲದಲ್ಲೂ ಜೊತೆಗಿರಿ: ಮ್ಯಾಸಚೂಸೆಟ್ಸ್‌ನ ಕನ್ನಡ ಕುಟುಂಬಗಳಿಗೆ ಒಂದು ಬಹಿರಂಗ ಪತ್ರ



ಶ್ರೂಸ್‌ಬರಿ, ವೆಸ್ಟ್‌ಬರೋ, ಆ್ಯಕ್ಟನ್, ಲೆಕ್ಸಿಂಗ್ಟನ್, ಬರ್ಲಿಂಗ್ಟನ್ ಕಡೆಯ ಕನ್ನಡದ ಮನೆಗಳವರನ್ನು ನೆನೆದು ಈ ಕಾಗದ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹಲವರು ಹತ್ತಿರದ ಯಾವುದಾದರೊಂದು ಸಿಎಸ್‌ಎ ಫಾರ್ಮಿನಲ್ಲಿ, ಅಂದರೆ ಊರಿನವರು ಮುಂಗಡ ಹಣ ಕಟ್ಟಿ ನಡೆಸಿಕೊಂಡು ಬರುವ ತರಕಾರಿ ತೋಟದಲ್ಲಿ ಪಾಲು ಹಿಡಿದವರು. ಚಳಿಗಾಲದಲ್ಲೇ ದುಡ್ಡು ಕೊಟ್ಟು ಜೂನ್‌ನಿಂದ ವಾರಕ್ಕೊಮ್ಮೆ ಚೀಲ ತುಂಬಿಕೊಂಡು ಹೋಗುವವರು. ನಾನೂ ಅಂಥವಳೇ. ಪಾಲು ಹಂಚುವ ದಿನ ಮೇಜಿನ ಹಿಂದೆ ನಿಂತು, ಬಂದವರ ಹೆಸರಿಗೆ ಗುರುತು ಹಾಕುವ ಕೆಲಸವನ್ನೂ ವಹಿಸಿಕೊಂಡಿದ್ದೇನೆ. ಅಲ್ಲಿ ನಿಂತು ಕಂಡದ್ದರಿಂದಲೇ ಈ ಮಾತು ಹೇಳಬೇಕೆನಿಸಿತು.

ಜೂನ್‌ನಲ್ಲಿ ಸ್ಟ್ರಾಬೆರಿ, ಆಗಸ್ಟ್‌ನಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಜೋಳದ ತೆನೆ ಬಂದಾಗ ಸಾಲು ಫಾರ್ಮಿನ ಕೊಟ್ಟಿಗೆಯ ಬಾಗಿಲು ದಾಟಿ ಹೊರಗೆ ನಿಲ್ಲುತ್ತದೆ. ಸೆಪ್ಟೆಂಬರ್ ಕಳೆಯುತ್ತ ಬಂದಂತೆ ಮೇಜಿನ ಮೇಲೆ ಬಟರ್‌ನಟ್ ಕುಂಬಳ, ರುಟಬೇಗ, ಸೆಲೆರಿಯಾಕ್, ಟರ್ನಿಪ್, ಪಾರ್ಸ್‌ನಿಪ್, ಕೇಲ್ ಸೊಪ್ಪು ಬಂದು ಕೂರುತ್ತವೆ. ಆಗ ನಮ್ಮವರ ಹೆಸರಿನ ಮುಂದಿನ ಚೌಕಗಳು ಒಂದೊಂದಾಗಿ ಖಾಲಿ ಉಳಿಯತೊಡಗುತ್ತವೆ. ಬಂದವರೂ ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್ ಆರಿಸಿಕೊಂಡು ಉಳಿದದ್ದನ್ನು ಬುಟ್ಟಿಯಲ್ಲೇ ಬಿಡುತ್ತಾರೆ. ನವೆಂಬರ್-ಡಿಸೆಂಬರ್‌ನ ಪಾಲಿಗೆ ಹೆಸರು ಬರೆಸಿ ಎಂದರೆ, ‘ಬೇಸಿಗೆಗೆ ನೋಡೋಣ ಬಿಡಿ’ ಎನ್ನುತ್ತಾರೆ. ನಾನು ಕೇಳಿಕೊಳ್ಳುವುದು ಇಷ್ಟೇ: ದಯವಿಟ್ಟು ಅಕ್ಟೋಬರ್‌ನಲ್ಲಿ ಕೈಬಿಡಬೇಡಿ. ವರ್ಷದಲ್ಲಿ ಫಾರ್ಮಿಗೆ ನಮ್ಮ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿ ಇರುವ ತಿಂಗಳು ಅದು.

ಈ ಪಾಲಿನ ಪದ್ಧತಿ ಅಮೆರಿಕದಲ್ಲಿ ಬೇರುಬಿಟ್ಟ ಮೊದಲ ಜಾಗಗಳಲ್ಲಿ ಒಂದು ನಮ್ಮ ರಾಜ್ಯದಲ್ಲೇ ಇದೆ. ಪಶ್ಚಿಮದ ಬರ್ಕ್‌ಶೈರ್ ಬೆಟ್ಟಗಳ ನಡುವಿನ ಸೌತ್ ಎಗ್ರಿಮಾಂಟ್ ಎಂಬ ಸಣ್ಣ ಊರಿನಲ್ಲಿ ಇಂಡಿಯನ್ ಲೈನ್ ಫಾರ್ಮ್ ಇದೆ. ಅದನ್ನು ನಡೆಸುತ್ತಿದ್ದ ರಾಬಿನ್ ವ್ಯಾನ್ ಎನ್, ಸ್ವಿಟ್ಜರ್ಲೆಂಡ್‌ನಲ್ಲಿ ಇಂಥ ತೋಟ ಕಂಡು ಬಂದಿದ್ದ ಯಾನ್ ವ್ಯಾಂಡರ್‌ಟ್ಯೂಯಿನ್ ಮತ್ತು ನೆರೆಹೊರೆಯವರೊಡನೆ ಸೇರಿ 1985ರಲ್ಲಿ ಮೊದಲು ಪಾಲು ಹಾಕಿದ್ದು ಒಂದು ಸೇಬಿನ ತೋಟದ ಶರತ್ಕಾಲದ ಫಸಲನ್ನು. ಅದು ಕೈಹತ್ತಿದ ಮೇಲೆ 1986ರಲ್ಲಿ ತರಕಾರಿಗೆ ಇಳಿದರು. ಅದೇ ವರ್ಷ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಟೆಂಪಲ್-ವಿಲ್ಟನ್ ಕಮ್ಯುನಿಟಿ ಫಾರ್ಮ್ ಶುರುವಾಯಿತು. ಇವೆರಡಕ್ಕೂ ಮೊದಲೇ, 1970ರ ದಶಕದಲ್ಲಿ, ಜಪಾನಿನ ಮನೆಗಳವರು ಸಾವಯವ ರೈತರೊಡನೆ ‘ತೇಯ್‌ಕೇ’ ಎಂಬ ನೇರ ಒಡಂಬಡಿಕೆ ಮಾಡಿಕೊಂಡಿದ್ದರು. ಅಲಬಾಮದ ಟಸ್ಕೀಗಿಯಲ್ಲಿ ಬುಕರ್ ವಾಟ್ಲಿ ಎಂಬ ಕಪ್ಪು ಕೃಷಿ ವಿಜ್ಞಾನಿ, ಸಣ್ಣ ರೈತರು ಸದಸ್ಯರಿಂದ ಮುಂಗಡ ಹಣ ಪಡೆದು ಬೆಳೆಯಬೇಕೆಂದು ಊರೂರು ತಿರುಗಿ ಹೇಳುತ್ತಿದ್ದರು.

ಟೆಂಪಲ್-ವಿಲ್ಟನ್‌ನವರ ಕ್ರಮ ನನಗೆ ತುಂಬ ಹಿಡಿಸಿದ್ದು. ಅಲ್ಲಿ ತರಕಾರಿಗೆ ದರ ಕಟ್ಟುವುದಿಲ್ಲ. ಫಾರ್ಮಿನವರು ಇಡೀ ವರ್ಷದ ಖರ್ಚಿನ ಲೆಕ್ಕವನ್ನು ಸಭೆಯ ಮುಂದಿಡುತ್ತಾರೆ. ಪ್ರತಿ ಮನೆಯವರೂ ತಮ್ಮ ಕೈಲಾದಷ್ಟು ಬರೆದುಕೊಡುತ್ತಾರೆ. ಕೂಡಿದಾಗ ಲೆಕ್ಕ ತುಂಬದಿದ್ದರೆ ಉಳ್ಳವರು ಇನ್ನಷ್ಟು ಸೇರಿಸುತ್ತಾರೆ. ನಮ್ಮ ಫಾರ್ಮ್‌ಗಳು ಅಷ್ಟು ದೂರ ಹೋಗಿಲ್ಲ, ಪಾಲಿಗೆ ಇಂತಿಷ್ಟು ಎಂದು ದರ ಇಟ್ಟಿವೆ. ಆದರೂ ಒಳಗಿನ ಒಪ್ಪಂದ ಒಂದೇ. ನಾವು ಕೊಡುವ ಹಣ ಟೊಮೆಟೊದ ಬೆಲೆಯಲ್ಲ. ಒಂದು ತೋಟ ಒಂದು ವರ್ಷ ಬದುಕಿರಲು ತಗಲುವ ಖರ್ಚಿನಲ್ಲಿ ನಮ್ಮ ಭಾಗ. ಇದನ್ನು ಮನಸ್ಸಿಗೆ ತಂದುಕೊಂಡರೆ, ‘ಏಳುನೂರು ಡಾಲರ್ ಕೊಟ್ಟು ಟರ್ನಿಪ್ ತಿನ್ನಬೇಕೇ’ ಎಂಬ ಪ್ರಶ್ನೆಯ ಮೊನೆ ತಾನಾಗಿ ಮುರಿಯುತ್ತದೆ.

ಮೊದಲ ಫ್ರಾಸ್ಟ್ (ಹೆಪ್ಪುಮಂಜು) ಬೀಳುತ್ತದೆಂದು ಹವಾಮಾನದವರು ಹೇಳಿದ ದಿನ ಒಮ್ಮೆ ಫಾರ್ಮಿಗೆ ಬನ್ನಿ. ಬಟರ್‌ನಟ್ ಹೊಲದಲ್ಲಿ ಬೂದಿರೋಗ ಹತ್ತಿದ ಎಲೆಗಳು ಒಣಗಿ ಮುದುಡಿ, ತಿಳಿಕಂದು ಕಾಯಿಗಳು ಸಾಲುದ್ದಕ್ಕೂ ಬಯಲಿಗೆ ಬಿದ್ದಿರುತ್ತವೆ. ಒಬ್ಬರು ಗಿಡ ಸವರುವ ಕತ್ತರಿ ಹಿಡಿದು ಮುಂದೆ ಹೋಗುತ್ತಾರೆ. ಕಾಯಿಗೆ ಒಂದಿಂಚಾದರೂ ತೊಟ್ಟು ಉಳಿಸಿ ಕತ್ತರಿಸಬೇಕು; ತೊಟ್ಟು ಕಳಚಿದ ಕಾಯಿ ಅಲ್ಲಿಂದಲೇ ಕೊಳೆಯುತ್ತದೆ. ಹಿಂದೆ ಬರುವವರು ಅದನ್ನು ತೊಟ್ಟು ಹಿಡಿದು ಎತ್ತುವುದಿಲ್ಲ. ಎರಡೂ ಕೈಯಲ್ಲಿ ತಬ್ಬಿ, ಮರದ ದೊಡ್ಡ ಪೆಟ್ಟಿಗೆಯೊಳಗೆ ಇಳಿಸುತ್ತಾರೆ. ಇವತ್ತು ಉಗುರು ತಾಗಿದ ಗೀರು ಡಿಸೆಂಬರ್‌ನಲ್ಲಿ ಕರಿಯ ಕಲೆಯಾಗಿ ಹಬ್ಬಿರುತ್ತದೆ. ವಸಂತದಲ್ಲಿ ಸಸಿಗಳಿದ್ದ ಗ್ರೀನ್‌ಹೌಸ್ ಈಗ ಖಾಲಿ. ಅದರಲ್ಲಿ ಕಾಯಿಗಳನ್ನು ಹರವಿ ಹತ್ತು ದಿನದಷ್ಟು 80-85 ಡಿಗ್ರಿ ಫ್ಯಾರನ್‌ಹೀಟ್ ಶಾಖ ಕೊಟ್ಟರೆ ಸಿಪ್ಪೆ ಗಟ್ಟಿಯಾಗುತ್ತದೆ, ಗಾಯ ಮಾಯುತ್ತದೆ. ಆಮೇಲೆ 50-55 ಡಿಗ್ರಿಯ ಒಣ ಜಾಗದಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ, ರುಚಿಯೂ ಏರುತ್ತದೆ. ಮನೆಗೆ ಒಯ್ದವರು ಅದನ್ನು ಫ್ರಿಜ್ಜಿನಲ್ಲಿಡಬೇಡಿ. ಆ ಚಳಿ ಅದಕ್ಕಾಗದು. ಅಡುಗೆಮನೆಯ ತಣ್ಣನೆಯ ಮೂಲೆ ಸಾಕು.

ಈ ಬಟರ್‌ನಟ್ ನಮ್ಮ ಹತ್ತಿರದ ಮಣ್ಣಿನದೇ ಎನ್ನುವುದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ. ಆ್ಯಕ್ಟನ್ ಪಕ್ಕದ ಸ್ಟೋ ಊರಿನಲ್ಲಿ ಚಾರ್ಲ್ಸ್ ಲೆಗೆಟ್ ಎಂಬವರು 1940ರ ದಶಕದಲ್ಲಿ ಬೆಳೆಸಿದ ತಳಿ ಅದು. ಆಮೇಲೆ ವಾಲ್ತಮ್‌ನ ಕೃಷಿ ಪ್ರಯೋಗ ಕೇಂದ್ರದಲ್ಲಿ ತಿದ್ದಿ ತೀಡಿದ ‘ವಾಲ್ತಮ್ ಬಟರ್‌ನಟ್’ಗೆ 1970ರಲ್ಲಿ ದೇಶಮಟ್ಟದ ತಳಿ ಪ್ರಶಸ್ತಿ ಬಂತು. ನೀವು ದಿನಾ ಆಫೀಸಿಗೆ ಹೋಗಿ ಬರುವ ವಾಲ್ತಮ್ ಅದೇ.

ಕ್ಯಾರೆಟ್ ಸಾಲಿನಡಿ ಟ್ರ್ಯಾಕ್ಟರಿನ ಅಲಗು ಹಾಯ್ದು ಮಣ್ಣು ಸಡಿಲಿಸಿದ ಮೇಲೆ, ಕೆಲಸದವರು ಮಂಡಿಯೂರಿ ಕಿತ್ತು, ತಿರುಚಿ ಸೊಪ್ಪು ಮುರಿದು ಪೆಟ್ಟಿಗೆಗೆ ಹಾಕುತ್ತ ಹೋಗುತ್ತಾರೆ. ತಿರುಗುವ ಪೀಪಾಯಿಯಲ್ಲಿ ತೊಳೆದು, ನೀರು ಹೆಪ್ಪುಗಟ್ಟುವ ಹತ್ತಿರದ ಚಳಿಯ, ತೇವ ತುಂಬಿದ ಕೋಣೆಗೆ ಸಾಗಿಸುತ್ತಾರೆ. ಅಕ್ಟೋಬರ್ ಕೊನೆಯ ಬೆಳಿಗ್ಗೆ ಆ ತೊಳೆಯುವ ನೀರಿಗೆ ಕೈಯಿಟ್ಟರೆ ಬೆರಳ ಗಿಣ್ಣುಗಳು ಮರಗಟ್ಟುತ್ತವೆ. ಆ ಚಳಿಯಿಂದಲೇ ಕ್ಯಾರೆಟ್ಟಿಗೆ, ಪಾರ್ಸ್‌ನಿಪ್ಪಿಗೆ, ಕೇಲ್ ಸೊಪ್ಪಿಗೆ ಸಿಹಿ ಬರುವುದು. ಒಳಗಿನ ನೀರು ಮಂಜುಗಡ್ಡೆಯಾಗದಂತೆ ಗಿಡ ತನ್ನ ಪಿಷ್ಟವನ್ನು ಸಕ್ಕರೆಯಾಗಿಸಿಕೊಳ್ಳುತ್ತದೆ. ಜುಲೈನ ಕೇಲ್ ತಿಂದು ಕಹಿಯೆಂದು ಮುಖ ತಿರುಗಿಸಿದವರು ಎರಡು ಫ್ರಾಸ್ಟ್ ಕಳೆದ ಕೇಲನ್ನು ಒಮ್ಮೆ ತಿಂದು ನೋಡಬೇಕು. ಆ ರುಚಿಗಾಗಿಯೇ ಆ ಗಿಡ ಇಷ್ಟು ದಿನ ಹೊಲದಲ್ಲಿ ನಿಂತಿರುತ್ತದೆ, ನಾವು ಮಾತ್ರ ಅಷ್ಟರಲ್ಲಿ ಹೊರಟುಹೋಗಿರುತ್ತೇವೆ.

ಇನ್ನು ದುಡ್ಡಿನ ಮಾತು. ಮುಂದಿನ ವರ್ಷದ ಖರ್ಚು ಈಗಲೇ ಶುರುವಾಗುತ್ತದೆ. ಬೆಳ್ಳುಳ್ಳಿ ಇಲ್ಲಿ ಅಕ್ಟೋಬರ್-ನವೆಂಬರ್‌ನಲ್ಲಿ ನೆಟ್ಟು ಮುಂದಿನ ಜುಲೈನಲ್ಲಿ ಕೀಳುವ ಬೆಳೆ. ಚಳಿ ಕಾಣದೆ ಅದು ಸರಿಯಾಗಿ ಗಡ್ಡೆ ಕಟ್ಟುವುದಿಲ್ಲ. ಈ ಸಲ ಬಂದ ಅತಿ ದೊಡ್ಡ ಗಡ್ಡೆಗಳನ್ನು ಮಾರದೆ ಬೀಜಕ್ಕೆ ಎತ್ತಿಡುತ್ತಾರೆ. ಖಾಲಿಯಾದ ಹೊಲಕ್ಕೆ ರೈ ಮತ್ತು ವೆಚ್ ಬಿತ್ತುತ್ತಾರೆ; ಅವು ಹಿಮದಡಿ ಮಣ್ಣನ್ನು ಹಿಡಿದಿಟ್ಟು ವಸಂತದಲ್ಲಿ ಹಸಿರೆಲೆ ಗೊಬ್ಬರವಾಗುತ್ತವೆ. ಡಿಸೆಂಬರ್-ಜನವರಿಯಲ್ಲಿ ಮೇಯ್ನ್ ರಾಜ್ಯದ ಬೀಜದ ಕಂಪನಿಗಳಿಗೆ ಆರ್ಡರ್ ಹೋಗಬೇಕು. ಮಾರ್ಚ್ ಹೊತ್ತಿಗೆ ಹೊರಗೆ ಹಿಮವಿರುವಾಗಲೇ ಈರುಳ್ಳಿ, ಲೀಕ್ ಸಸಿಗೆ ಗ್ರೀನ್‌ಹೌಸಿನ ಒಲೆ ಹಚ್ಚಬೇಕು. ಇದಕ್ಕೆಲ್ಲ ಹಣ ಹೋಗುವ ತಿಂಗಳುಗಳಲ್ಲಿ ಹೊಲದಿಂದ ಹೆಚ್ಚೇನೂ ಬರುವುದಿಲ್ಲ. ರೈತ ಬ್ಯಾಂಕಿನ ಬಡ್ಡಿಗೆ ಬೀಳಬಾರದೆಂದೇ ಹುಟ್ಟಿದ್ದು ಈ ಪಾಲಿನ ಪದ್ಧತಿ. ಹಾಗಾಗಿ ‘ಮೇ ತಿಂಗಳಲ್ಲಿ ನೋಡೋಣ’ ಎನ್ನುವ ಸದಸ್ಯನಿಗಿಂತ, ಈಗಲೇ ‘ಮುಂದಿನ ವರ್ಷಕ್ಕೂ ನಾವಿದ್ದೇವೆ’ ಎಂದು ಹೆಸರು ಬರೆಸಿದ ಸದಸ್ಯ ಫಾರ್ಮಿಗೆ ಎಷ್ಟೋ ದೊಡ್ಡ ಆಸರೆ. ಎಷ್ಟು ಬೀಜ ತರಿಸಬೇಕು, ಎಷ್ಟು ಜನರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು ಎಂಬ ಲೆಕ್ಕಕ್ಕೆ ಆ ಹೆಸರುಗಳೇ ಆಧಾರ.

2023ನೇ ವರ್ಷ ನೆನಪಿದೆಯಲ್ಲ? ಫೆಬ್ರವರಿಯ ಒಂದು ರಾತ್ರಿಯ ಕಡು ಚಳಿಗೆ ಪೀಚ್ ಮೊಗ್ಗು ಸತ್ತವು. ಮೇ 18ರ ಫ್ರಾಸ್ಟಿಗೆ ಎಷ್ಟೋ ತೋಟಗಳ ಸೇಬು ಹೋಯಿತು. ಜುಲೈ 10-11ರ ಮಳೆಗೆ ಕನೆಕ್ಟಿಕಟ್ ನದಿ ಉಕ್ಕಿ ನಾರ್ತಾಂಪ್ಟನ್, ಹ್ಯಾಡ್ಲಿ, ಡಿಯರ್‌ಫೀಲ್ಡ್ ಸುತ್ತಿನ ಹೊಲಗಳು ಮುಳುಗಿದವು. ವರ್ಮಾಂಟ್‌ನ ಬರ್ಲಿಂಗ್ಟನ್‌ನಲ್ಲಿ ವಿನೂಸ್ಕಿ ನದಿಯ ಬಯಲಿನಲ್ಲಿರುವ ಇಂಟರ್‌ವೇಲ್ ಕಮ್ಯುನಿಟಿ ಫಾರ್ಮ್‌ನ ಮೇಲೂ ನೀರು ಹರಿಯಿತು. ನೆರೆಯ ನೀರು ತಿನ್ನುವ ಭಾಗಕ್ಕೆ ತಾಗಿದ ಬೆಳೆಯನ್ನು ಮಾರುವಂತಿಲ್ಲ. ಶೌಚದ ಕೊಳೆ, ಎಣ್ಣೆ, ರಾಸಾಯನಿಕ ಏನೆಲ್ಲ ಅದರಲ್ಲಿ ಬೆರೆತಿರುತ್ತದೋ ಹೇಳಲಾಗದು. ಕಣ್ಣಿಗೆ ಚೆನ್ನಾಗಿಯೇ ಕಾಣುವ ಬೆಳೆಯನ್ನು ಬೆಳೆದವರೇ ಉತ್ತು ಮಣ್ಣಿಗೆ ಸೇರಿಸಬೇಕಾಯಿತು. ಇಂಟರ್‌ವೇಲ್ ಸದಸ್ಯರೇ ಒಡೆಯರಾಗಿರುವ ಸಹಕಾರಿ ಫಾರ್ಮ್. 2011ರ ಐರೀನ್ ಚಂಡಮಾರುತದಲ್ಲೂ ಆ ಬಯಲು ಮುಳುಗಿತ್ತು. ಆದರೂ ಆ ಫಾರ್ಮ್ ಇವತ್ತಿಗೂ ಉಳಿದಿರುವುದು, ನೀರು ಬಂದ ವರ್ಷವೂ ಪಾಲುದಾರರು ಪಾಲುದಾರರಾಗಿಯೇ ಉಳಿದದ್ದರಿಂದ. 2024ರ ಶರತ್ಕಾಲದಲ್ಲಿ ಇದಕ್ಕೆ ತದ್ವಿರುದ್ಧ: ಮಳೆಯೇ ಇಲ್ಲದೆ ನಮ್ಮ ರಾಜ್ಯದ ಕಾಡುಗಳಲ್ಲಿ ಅಲ್ಲಲ್ಲಿ ಬೆಂಕಿ ಹತ್ತಿತ್ತು. ಒಂದು ವರ್ಷ ನೆರೆ, ಮರುವರ್ಷ ಬರ ಎನ್ನುವ ಹವಾಮಾನದಲ್ಲಿ ಸಣ್ಣ ರೈತನೊಬ್ಬನೇ ನಷ್ಟ ಹೊರಲಾರ. ಸಮೃದ್ಧಿಯಲ್ಲಿ ಪಾಲು ಕೇಳಿದವರು ಕೊರತೆಯಲ್ಲೂ ಪಾಲು ಹಿಡಿಯಬೇಕು ಎನ್ನುವುದು ನನ್ನ ಗಟ್ಟಿಯಾದ ನಂಬಿಕೆ.

ಕೆಲಸದವರ ವಿಷಯ ಬಿಟ್ಟರೆ ಈ ಕಾಗದ ಅರ್ಧವೇ. ಮ್ಯಾಸಚೂಸೆಟ್ಸ್‌ನಲ್ಲಿ ಕನಿಷ್ಠ ಕೂಲಿ 2023ರಿಂದ ಗಂಟೆಗೆ 15 ಡಾಲರ್. ಆದರೆ ಹೊಲದ ಕೆಲಸಗಾರರಿಗೆ ಕಾನೂನು ಹೇಳುವ ಕನಿಷ್ಠ 8 ಡಾಲರ್ ಮಾತ್ರ, ಓವರ್‌ಟೈಮ್ ಹಕ್ಕೂ ಇಲ್ಲ. ನಾವು ಪಾಲು ಹಿಡಿಯುವ ಬಗೆಯ ಫಾರ್ಮ್‌ಗಳು ಅದಕ್ಕಿಂತ ಹೆಚ್ಚೇ ಕೊಡಲು ಹೆಣಗುತ್ತವೆ, ಆ ಹೆಚ್ಚಿನದು ಬರಬೇಕಾದ್ದು ನಮ್ಮ ಪಾಲಿನ ಹಣದಿಂದಲೇ. ಪಾಲಿನ ಬೆಲೆ ಐವತ್ತು ಡಾಲರ್ ಏರಿತೆಂದು ಗೊಣಗುವ ಮೊದಲು, ಆ ಐವತ್ತು ಡಾಲರ್ ಯಾರ ಕೈಗೆ ಹೋಯಿತೆಂದು ಕೇಳಿ ತಿಳಿದುಕೊಳ್ಳಿ. ಕೇಳುವ ಹಕ್ಕು ಪಾಲುದಾರರಿಗಿದೆ.

ಅಡುಗೆಮನೆಯ ತೊಡಕು ನಿಜವಾದದ್ದು, ಅದನ್ನು ಹಗುರ ಮಾಡಿ ಹೇಳಲಾರೆ. ಕೆಲಸ ಮುಗಿಸಿ ಬಂದ ಸಂಜೆ, ಹೆಸರೇ ಕೇಳಿರದ ಗಡ್ಡೆಯನ್ನು ಮುಂದಿಟ್ಟುಕೊಂಡು ಏನು ಮಾಡಬೇಕು ಎಂದು ಕೂರುವುದು ಯಾರಿಗೂ ಬೇಡ. ಇಂಡಿಯನ್ ಅಂಗಡಿಯಲ್ಲಿ ಅಕ್ಟೋಬರ್‌ನಲ್ಲೂ ಬೆಂಡೆ, ಹೀರೆ, ಸೋರೆ ಸಿಗುತ್ತವೆ. ದೂರದ ಬೆಚ್ಚಗಿನ ಕಡೆಗಳಿಂದ ಬಂದವು. ಅವನ್ನು ಕೊಳ್ಳಬೇಡಿ ಎನ್ನುತ್ತಿಲ್ಲ, ನಾನೂ ಕೊಳ್ಳುತ್ತೇನೆ. ಆದರೆ ನಮ್ಮ ಅಡುಗೆಯ ಪದ್ಧತಿಗಳು ನಾವೆಣಿಸಿದ್ದಕ್ಕಿಂತ ಉದಾರವಾಗಿವೆ. ಹುಳಿ, ಪಲ್ಯ, ಗೊಜ್ಜು, ಸಾಸಿವೆ, ಬಸ್ಸಾರು, ಮೊಸರುಬಜ್ಜಿ ಯಾವುದೂ ಒಂದೇ ತರಕಾರಿಗೆ ಕಟ್ಟುಬಿದ್ದಿಲ್ಲ.

ಬಟರ್‌ನಟ್ಟಿನ ಕತ್ತಿನ ಭಾಗದಲ್ಲಿ ಬೀಜವೇ ಇಲ್ಲ. ಅದನ್ನು ಹೋಳು ಮಾಡಿ ಹುಳಿಗೆ ಹಾಕಿ, ಹೊಟ್ಟೆಯ ಭಾಗ ತುರಿದು ಬೆಲ್ಲ, ಗೋಧಿ ಹಿಟ್ಟು, ಏಲಕ್ಕಿ ಸೇರಿಸಿ ಗಾರಿಗೆ ಮಾಡಿ. ಬಯಲುಸೀಮೆಯವರು ಕುಂಬಳಕಾಯಿಯಲ್ಲಿ ಮಾಡುವುದಕ್ಕೂ ಇದಕ್ಕೂ ರುಚಿಯಲ್ಲಿ ವ್ಯತ್ಯಾಸ ತಿಳಿಯದು, ದೀಪಾವಳಿಗೆ ಅದೇ ಸಿಹಿಯಾದೀತು. ಡೆಲಿಕಾಟ ಎಂಬ ಕುಂಬಳದ ಸಿಪ್ಪೆ ತೆಗೆಯುವುದೇ ಬೇಡ. ಬಿಲ್ಲೆಯಾಗಿ ಹೆಚ್ಚಿ ಬಜ್ಜಿಗೆ ಅದ್ದಿ. ನವಿಲುಕೋಸನ್ನಂತೂ ನಿಮಗೆ ಪರಿಚಯಿಸಬೇಕಿಲ್ಲ, ಆದರೆ ಅದರ ಎಲೆಯನ್ನು ಅಲ್ಲೇ ಮುರಿದು ಎಸೆಯುತ್ತೀರಲ್ಲ, ಅದೂ ಪಲ್ಯಕ್ಕೆ ಬರುತ್ತದೆ. ಬೀಟ್‌ರೂಟ್ ಸೊಪ್ಪು, ಮೂಲಂಗಿ ಸೊಪ್ಪು, ಟರ್ನಿಪ್ ಸೊಪ್ಪು ಮೂರನ್ನೂ ಬೆರೆಸಿ ತೊಗರಿಬೇಳೆಯೊಡನೆ ಬೇಯಿಸಿ, ಕಟ್ಟು ಬಸಿದು ಬಸ್ಸಾರು ಮಾಡಿದರೆ ಮುದ್ದೆಗೆ ಇನ್ನೇನು ಬೇಕು? ರುಟಬೇಗ ಒರಟು ಗಡ್ಡೆ, ಒಪ್ಪುತ್ತೇನೆ. ಸಣ್ಣಗೆ ಹೆಚ್ಚಿ, ಕಾಯಿತುರಿ-ಸಾಸಿವೆ-ಒಣಮೆಣಸು ಅರೆದು ಮೊಸರಿಗೆ ಕಲಸಿದ ಸಾಸಿವೆಗೆ ಹಾಕಿದರೆ ಅದರ ಒರಟುತನ ಇಳಿಯುತ್ತದೆ.

ಕರಾವಳಿಯವರಿಗೆ ಒಂದು ಮಾತು: ಕೊಲಾರ್ಡ್ ಎಲೆಯಲ್ಲಿ ಪತ್ರೊಡೆ ಆಗುತ್ತದೆ, ಬಹಳ ಚೆನ್ನಾಗಿ ಆಗುತ್ತದೆ. ಎಲೆಯ ನಡುದಂಟನ್ನು ಚಾಕುವಿನಿಂದ ಸಪಾಟಾಗಿ ಕೆತ್ತಿ, ಹಿಟ್ಟು ಸವರಿ, ಒಂದರ ಮೇಲೊಂದು ಹೇರಿ ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿ. ಕೆಸುವಿನ ಹಾಗೆ ತುರಿಕೆಯಿಲ್ಲ, ಹುಣಸೆ ರುಚಿಗೆ ಬೇಕಾದಷ್ಟು ಹಾಕಿದರಾಯಿತು. ಇನ್ನು ಫ್ರಾಸ್ಟಿನ ಹಿಂದಿನ ದಿನ ಟೊಮೆಟೊ ಸಾಲಿನಲ್ಲಿ ಉಳಿದ ಹಸಿರು ಕಾಯಿಗಳನ್ನು ಎಷ್ಟು ಬೇಕೋ ಅಷ್ಟು ಕಿತ್ತುಕೊಳ್ಳಿ ಎಂದು ನಮ್ಮ ಫಾರ್ಮಿನವರು ಕರೆಯುತ್ತಾರೆ. ಇಲ್ಲಿಯವರು ಒಂದೆರಡು ಹುರಿಯಲು ಒಯ್ಯುತ್ತಾರೆ. ಟೊಮೆಟೊ ಕಾಯಿಯ ಗೊಜ್ಜು, ಕಡಲೇಬೀಜ-ಎಳ್ಳು ಹಾಕಿದ ಚಟ್ನಿ ಬಲ್ಲ ನಾವು ಆ ದಿನ ಬುಟ್ಟಿ ಹಿಡಿದು ಮುಂದಿರಬೇಕಾಗಿತ್ತು. ಹೋದ ವರ್ಷ ಅಲ್ಲಿ ಕನ್ನಡದವರು ಕಾಣಲಿಲ್ಲವೆಂದು ನನಗೆ ನಿಜಕ್ಕೂ ಬೇಸರವಾಯಿತು.

ನಾನು ಮಲೆನಾಡಿನ ಸಾಗರದ ಕಡೆಯವಳು. ಇಲ್ಲಿ ಬಟರ್‌ನಟ್ ಕೊಯ್ಯುವ ದಿನಗಳಲ್ಲೇ ಅಲ್ಲಿ ಭೂಮಿ ಹುಣ್ಣಿಮೆ ಬರುತ್ತದೆ. ಆಶ್ವಯುಜದ ಆ ಹುಣ್ಣಿಮೆಗೆ ಗದ್ದೆಯ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಬಸುರಿಗೆ ಬಯಕೆ ಬಡಿಸುವಂತೆ ಭೂಮಿಗೆ ಬಡಿಸಬೇಕೆಂದು ಹಿಂದಿನ ರಾತ್ರಿಯಿಡೀ ಅಡುಗೆ. ಕೈಗೆ ಸಿಕ್ಕ ಸೊಪ್ಪು-ತರಕಾರಿಯನ್ನೆಲ್ಲ ಕೂಡಿಸಿ ಬೇಯಿಸಿ, ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದು ಬಿಳಿಯ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿಟ್ಟು, ಸೂರ್ಯ ಹುಟ್ಟುವ ಮೊದಲೇ ಗದ್ದೆಗೆ ಒಯ್ದು ಬೀರುತ್ತಾರೆ. ಉತ್ತರ ಕರ್ನಾಟಕದವರು ಅದೇ ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಕೊಯ್ಲಿಗೆ ಮೊದಲು ಬೆಳೆಗೇ ಉಣಬಡಿಸುವ ಜನ ನಾವು. ನವರಾತ್ರಿಗೆ ಬೊಂಬೆ ಕೂರಿಸಲು, ಆಶ್‌ಲ್ಯಾಂಡ್‌ನ ಲಕ್ಷ್ಮೀ ದೇವಸ್ಥಾನಕ್ಕೆ ಹೋಗಿಬರಲು ಬಿಡುವು ಮಾಡಿಕೊಳ್ಳುವ ಹಾಗೆ, ಈ ನೆಲದ ಕೊಯ್ಲಿಗೂ ಒಂದು ಬೆಳಿಗ್ಗೆ ಬಿಡುವು ಮಾಡಿಕೊಳ್ಳೋಣ ಎಂದು ಕೇಳುವುದು ನನಗೆ ದೊಡ್ಡ ಕೋರಿಕೆ ಎನಿಸುವುದಿಲ್ಲ. ನಮ್ಮ ಮಕ್ಕಳು ಹುಟ್ಟಿ ಬೆಳೆಯುತ್ತಿರುವುದು ಈ ಮಣ್ಣಿನಲ್ಲಿ.

‘ನಮಗೆ ಬೇಕಾದ ಮೆಂತ್ಯ, ಹರಿವೆ ಫಾರ್ಮಿನವರು ಬೆಳೆಯುವುದಿಲ್ಲವಲ್ಲ’ ಎನ್ನುವವರಿದ್ದೀರಿ. ಸರಿಯಾದ ಮಾತೇ. ಆದರೆ ಮುಂದಿನ ವರ್ಷ ಏನು ಬೆಳೆಯಬೇಕೆಂದು ರೈತರು ಸದಸ್ಯರನ್ನು ಕೇಳುವುದು ಬೆಳೆಯೆಲ್ಲ ಮುಗಿಯುತ್ತ ಬರುವ ಈ ಕಾಲದಲ್ಲೇ. ಕೇಳುವಾಗ ನಾವು ಎದುರಿಗಿಲ್ಲದಿದ್ದರೆ ನಮ್ಮ ಮೆಂತ್ಯದ ಪರವಾಗಿ ಯಾರು ಮಾತಾಡಬೇಕು? ಈ ರಾಜ್ಯದಲ್ಲಿ ಆ ದಾರಿ ಆಗಲೇ ತೆರೆದಿದೆ. ಬ್ರೆಜಿಲಿನವರಿಗಾಗಿ ಯೂಮ್ಯಾಸ್ ವಿಶ್ವವಿದ್ಯಾಲಯದವರು ಜಿಲೋ, ಮಶೀಶೆ ಎಂಬ ತರಕಾರಿಗಳನ್ನು ಬೆಳೆಸಿ ನೋಡಿದರು. ಲ್ಯಾಂಕಾಸ್ಟರ್‌ನ ಫ್ಲ್ಯಾಟ್ಸ್ ಮೆಂಟರ್ ಫಾರ್ಮ್‌ನಲ್ಲಿ ವಲಸೆ ಬಂದ, ನಿರಾಶ್ರಿತರಾಗಿ ಬಂದ ರೈತರು ತಮ್ಮ ತಮ್ಮ ನಾಡಿನ ತರಕಾರಿ ಬೆಳೆಯುತ್ತಿದ್ದಾರೆ. ಅವರೆಲ್ಲ ಕೇಳಿದರು, ಕೊಂಡರು, ಜೊತೆಗಿದ್ದರು, ಬೆಳೆ ಬಂತು.

ಈಗ ಮಾಡಬಹುದಾದ್ದು. ಉಳಿದ ವಾರಗಳ ಪಾಲನ್ನು ತಪ್ಪದೆ ಬಂದು ಒಯ್ಯಿರಿ. ಬರಲಾಗದ ವಾರ ಮೊದಲೇ ತಿಳಿಸಿದರೆ ಅದನ್ನು ಕೆಡುವ ಮುನ್ನ ಫುಡ್ ಪ್ಯಾಂಟ್ರಿಗೆ ಕಳಿಸಬಹುದು. ಒಂದು ಪಾಲು ಹೆಚ್ಚೆನಿಸಿದರೆ ಎರಡು ಮನೆಯವರು ಸೇರಿ ಹಂಚಿಕೊಳ್ಳಿ. ಮುಂದಿನ ವರ್ಷದ ಪಾಲಿಗೆ ಥ್ಯಾಂಕ್ಸ್‌ಗಿವಿಂಗ್‌ಗೆ ಮೊದಲು ಹೆಸರು ಬರೆಸಿ. ಇಡೀ ಹಣ ಒಮ್ಮೆಗೇ ಕಟ್ಟಬೇಕೆಂದಿಲ್ಲ, ಕಂತಿನಲ್ಲಿ ಕೊಡಬಹುದೇ ಎಂದು ನಿಮ್ಮ ಫಾರ್ಮಿನವರನ್ನು ಕೇಳಿ. ಅನುಕೂಲವಿದ್ದವರು ಇನ್ನೊಂದು ಮನೆಯ ಪಾಲಿಗೂ ಸ್ವಲ್ಪ ಸೇರಿಸಿ. ಕೆಲಸ ಹೋಗಿ ಕೈ ಕಟ್ಟಿದ ಮನೆಗಳು ನಮ್ಮ ನಡುವೆಯೂ ಇವೆ, ಅವರು ಬಾಯಿಬಿಟ್ಟು ಹೇಳುವುದಿಲ್ಲ. ಸರ್ಕಾರದ ಸ್ನ್ಯಾಪ್ ಆಹಾರ ನೆರವು ಪಡೆಯುವವರಿಗೆ 2017ರಿಂದ ಈ ರಾಜ್ಯದಲ್ಲಿ ಹಿಪ್ ಎಂಬ ಯೋಜನೆಯಿದೆ. ಅದಕ್ಕೆ ಸೇರಿದ ಫಾರ್ಮಿನಲ್ಲಿ ಪಾಲು ಹಿಡಿದರೆ, ತಿಂಗಳ ಮಿತಿಯೊಳಗೆ, ಖರ್ಚಾದಷ್ಟೇ ಹಣ ಅವರ ಕಾರ್ಡಿಗೆ ಮರಳುತ್ತದೆ. ಗೊತ್ತಿಲ್ಲದವರಿಗೆ ತಿಳಿಸಿ.

ನಮ್ಮ ಫಾರ್ಮಿನಲ್ಲಿ ಬೆಳ್ಳುಳ್ಳಿ ನೆಡುವುದು ಈ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ. ಎಸಳಿನ ಚೂಪಾದ ತುದಿ ಮೇಲಕ್ಕೆ, ಗೇಣಿಗಿಂತ ಸ್ವಲ್ಪ ಹತ್ತಿರ ಹತ್ತಿರ, ಮೇಲೆ ಹುಲ್ಲಿನ ಹೊದಿಕೆ. ಐದು ವರ್ಷದ ಮಗುವೂ ಮಾಡುವ ಕೆಲಸ. ಹಳೆಯ ಬಟ್ಟೆ, ಕೈಗವಸು, ಬೂಟು ಹಾಕಿಕೊಂಡು ಬನ್ನಿ. ಹಿರಿಯರಿಗೆ ಕೂರಲು ಕೊಟ್ಟಿಗೆಯಲ್ಲಿ ಬೆಂಚು ಹಾಕಿಸುತ್ತೇನೆ. ಮಧ್ಯಾಹ್ನಕ್ಕೆ ಬಸ್ಸಾರು, ಅನ್ನ, ಕೊಲಾರ್ಡ್ ಪತ್ರೊಡೆ ನಾನು ತರುತ್ತೇನೆ. ಮಜ್ಜಿಗೆ ಯಾರಾದರೂ ತಂದರೆ ಒಳ್ಳೆಯದು.

ಇಂತು ನಿಮ್ಮವಳೇ ಆದ,
ಒಬ್ಬ ಪಾಲುದಾರಳು